ಫೋರ್ಮನ್ನನ ಗುದ್ದು, ಪಂಡರಿಯ ಹೆಬ್ಬೆರಳು

ಘಾಟಬೋರಾಳದ ಪಂಡರಿಯ ಹತ್ತು ಬೆರಳುಗಳಲ್ಲಿ ಸರ್ಕಾರಕ್ಕೆ ಸಿಗುತ್ತಿದ್ದದ್ದು ಒಂದೇ ಬೆರಳು, ಬಲಗೈ ಹೆಬ್ಬೆರಳು. ಉಳಿದ ಒಂಬತ್ತೂ, ಮೂವತ್ತು ವರ್ಷ ಕುರಿಯ ಉಣ್ಣೆ ಕತ್ತರಿಸಿ, ಹಗ್ಗ ಹೊಸೆದು ನುಣ್ಣಗೆ ಸವೆದುಹೋಗಿದ್ದವು. ರೇಷನ್ ಅಂಗಡಿಯ ಮಷೀನಿನ ಮೇಲೆ ಅವನ್ನು ಎಷ್ಟು ಒತ್ತಿದರೂ ಅದು ಕೆಂಪು ದೀಪ ತೋರಿಸಿ ಸುಮ್ಮನಾಗುತ್ತಿತ್ತು.

ಕಾರ್ಡಿನಲ್ಲಿ ಹೆಸರಿರುವ ಪ್ರತಿಯೊಬ್ಬರೂ ಬೆರಳೊತ್ತಿ, ತಾವು ತಾವೇ ಎಂದು ಸಾಬೀತು ಮಾಡಬೇಕೆಂದು ಆದೇಶ ಬಂದಿತ್ತು. ಮನೆಯವರೆಲ್ಲ ಒತ್ತಿ ಮುಗಿಸಿದ್ದರು. ಕುರಿಗಳ ಹಿಂದೆ ಅಲೆಯುತ್ತಿದ್ದ ಪಂಡರಿಯೊಬ್ಬನೇ ಉಳಿದಿದ್ದ. ಕೊನೆಯ ದಿನ ಬೆಳಿಗ್ಗೆ ಅವನು ಊರಿನ ರೇಷನ್ ಅಂಗಡಿಗೆ ಹೋದರೆ, ಅಂಗಡಿಯ ಮಾರುತಿ ಮಷೀನನ್ನು ತಲೆಯ ಮೇಲೆ ಎತ್ತಿ ಹಿಡಿದು ನೆಟ್‌ವರ್ಕ್ ಹುಡುಕುತ್ತಿದ್ದ.

"ಇಲ್ಲಿ ಆಗಂಗಿಲ್ಲಪಾ. ಕಲ್ಯಾಣಕ್ಕ ಹೋಗು. ಯಾವ ಅಂಗಡ್ಯಾಗ ಒತ್ತಿದ್ರೂ ನಡಿತದ. ಸಂಜಿ ಐದರ ಒಳಗ ಆಗಲಿಲ್ಲಂದ್ರ ಹೆಸರು ಕಟ್," ಎಂದ ಮಾರುತಿ.

ಹೊರಡುವಾಗ ಹೆಂಡತಿ ಭೀಮಬಾಯಿ ಬಾಗಿಲಲ್ಲಿ ನಿಂತು ಎಚ್ಚರಿಸಿದಳು. "ನೋಡ್ರಿ, ಬೆರಳ ಒತ್ತಿ ಸೀದಾ ಮನಿಗಿ ಬರ್ರಿ. ಆ ಹೊಡದಾಡೋ ಮಂದಿ ಸುದ್ದಿ ತಗದ್ರಂದ್ರ ನಿಮಗ ಹೊತ್ತು ಗೊತ್ತಾಗಂಗಿಲ್ಲ. ಹೆಸರು ಕಟ್ಟಾದ್ರ ನಿಮ್ಮ ಪಾಲಿನ ಅಕ್ಕಿ ನಾ ಎಲ್ಲಿಂದ ತರ್ಲಿ?"

ಭೀಮಬಾಯಿಯ ಭಯಕ್ಕೆ ಕಾರಣವಿತ್ತು. ಕುರಿ ಕಾಯುವವನ ಕೈಗೆ ಫೋನು ಬಂದ ಮೇಲೆ ಪಂಡರಿ ಹಳೆಯ ಬಾಕ್ಸಿಂಗ್ ಪಂದ್ಯಗಳ ಹುಚ್ಚು ಹಿಡಿಸಿಕೊಂಡಿದ್ದ. ಅದರಲ್ಲೂ ಜಾರ್ಜ್ ಫೋರ್ಮನ್ ಎಂದರೆ ಮುಗಿಯಿತು. ನಲವತ್ತೈದನೇ ವಯಸ್ಸಿನಲ್ಲಿ ಮತ್ತೆ ಚಾಂಪಿಯನ್ ಆದ ಆ ಗಂಡಸಿನ ಗುದ್ದಿಗೆ ಸಮನಾದ ಗುದ್ದು ಭೂಮಿಯ ಮೇಲೆ ಹುಟ್ಟಿಲ್ಲ ಎಂಬುದು ಅವನ ನಂಬಿಕೆ. ಫೋರ್ಮನ್ನನನ್ನು ನೋಡುತ್ತ ಕೂತಾಗ ಕುರಿಗಳು ಎರಡು ಸಲ ಪರರ ಕಡಲೆ ಹೊಲಕ್ಕೆ ನುಗ್ಗಿದ್ದವು. ಟೈಸನ್ನನ ಗುದ್ದೇ ಗಟ್ಟಿ ಎಂದ ತಪ್ಪಿಗೆ ಸ್ವಂತ ಷಡ್ಡಕನ ಜೊತೆ ಅವನು ಎರಡು ವರ್ಷದಿಂದ ಮಾತು ಬಿಟ್ಟಿದ್ದ. ಊರಿಗೆಲ್ಲ ಗೊತ್ತಿದ್ದ ವಿಷಯ ಇದು.

ಹತ್ತು ಗಂಟೆಗೆ ಬಸವಕಲ್ಯಾಣದಲ್ಲಿ ಬಸ್ಸಿಳಿದ. ರೇಷನ್ ಅಂಗಡಿ ತೆರೆಯುವುದು ಹನ್ನೊಂದಕ್ಕೆ. ಒಂದು ತಾಸು ಏನು ಮಾಡುವುದೆಂದು ಬಸ್ ನಿಲ್ದಾಣದ ಹಿಂದಿನ ಆರಿಫನ ಹೋಟೆಲಿಗೆ ಚಹಾ ಕುಡಿಯಲು ಹೋದ. ಅವನ ದುರದೃಷ್ಟಕ್ಕೆ, ಅದೇ ಬೆಂಚಿನ ಮೇಲೆ ಅವನ ಹಳೆಯ ಪರಿಚಯದ, ನಿವೃತ್ತ ಪಿ.ಟಿ. ಮಾಸ್ತರರಾದ ನಾಗನಾಥರು ಅಳಿಯ ಅಂಬರೀಷನೊಂದಿಗೆ ಕೂತು ಫೋನಿನಲ್ಲಿ ಒಂದು ವಿಡಿಯೋ ನೋಡುತ್ತಿದ್ದರು. ಜಗತ್ತಿನ ಅತಿ ಗಟ್ಟಿ ಗುದ್ದಿನ ಹತ್ತು ಮಂದಿ ಯಾರು ಎಂಬುದು ಅದರ ವಿಷಯ.

ಪಂಡರಿ ಎರಡು ಗುಟುಕು ಚಹಾದವರೆಗೆ ತಡೆದುಕೊಂಡ. ಮೂರನೆಯದಕ್ಕೆ ಆಗಲಿಲ್ಲ.

"ಇದರಾಗ ಫೋರ್ಮನ್ ಎಷ್ಟನೇದವ ಅದಾನ್ರಿ?"

"ಮೂರನೇದವ," ಎಂದರು ಮಾಸ್ತರರು. "ಮೊದಲನೇದವ ಟೈಸನ್."

"ಮೂರನೇದವ? ಯಾವಂವ ಮಾಡ್ಯಾನ್ರಿ ಈ ವಿಡಿಯೋ? ಫ್ರೇಜರ್‌ನಂಥ ಫ್ರೇಜರ್‌ಗ ಎರಡು ರೌಂಡಿನ್ಯಾಗ ಆರು ಸಲ ನೆಲಕ್ಕ ಕೆಡವಿದವ ಮೂರನೇದವ?"

"ಟೈಸನ್ ಸ್ಪಿಂಕ್ಸ್‌ಗ ಮಲಗಿಸಲಿಕ್ಕ ತಗೊಂಡದ್ದು ತೊಂಬತ್ತೊಂದು ಸೆಕೆಂಡು. ನೀ ಈ ಚಹಾ ಆರಿಸಲಿಕ್ಕ ಅದಕ್ಕಿಂತ ಹೆಚ್ಚು ಹೊತ್ತು ತಗೊಂಡಿ."

"ತೊಂಬತ್ತೊಂದೇ ಸೆಕೆಂಡು," ಎಂದ ಅಂಬರೀಷ. ಮಾವನ ಮಾತಿನ ಕೊನೆಯ ತುಂಡನ್ನು ಮತ್ತೊಮ್ಮೆ ಹೇಳುವುದು ಅವನ ಅಭ್ಯಾಸ. ಸ್ವಂತ ಅಭಿಪ್ರಾಯ ಅವನಿಗೆ ಇರಲಿಲ್ಲ, ಆವೇಶ ಮಾತ್ರ ಬೇಕಾದಷ್ಟಿತ್ತು.

ಒಲೆಯ ಮುಂದಿನಿಂದ ಆರಿಫ ತಲೆಯೆತ್ತಿದ. "ನೀವು ಇಬ್ಬರೂ ಗಲತ್ ಅದೀರಿ. ಅಸಲಿ ಗುದ್ದು ಅಂದ್ರ ಅರ್ನಿ ಶೇವರ್ಸ್‌ದು. ಅರವತ್ತೆಂಟು ಮಂದಿಗ ನಾಕೌಟ್ ಮಾಡ್ಯಾನ."

"ಯಾರು?" ಎಂದರು ಪಂಡರಿ ಮತ್ತು ಮಾಸ್ತರರು ಒಟ್ಟಿಗೇ.

ಆರಿಫನ ಮುಖ ಸಣ್ಣಗಾಯಿತು. ಅವನು ಗ್ಲಾಸು ತೊಳೆಯತೊಡಗಿದ.

"ಟೈಸನ್ ಗುದ್ದು ನಡದಿಂದ ಏಳ್ತದ," ಎಂದು ಮಾಸ್ತರರು ಎದ್ದು ನಿಂತು ಸೊಂಟ ತಿರುಗಿಸಿ ತೋರಿಸಿದರು. "ನಿನ್ನ ಫೋರ್ಮನ್‌ದು ಬರೇ ತೋಳು. ಅದಕ್ಕ ಗುದ್ದು ಅನ್ನಂಗಿಲ್ಲ, ದೂಡೋದು ಅಂತಾರ."

"ದೂಡೋದು? ತೋರಿಸ್ತೀನಿ ನೋಡ್ರಿ ಈಗ!"

ಮೂಲೆಯಲ್ಲಿ ಸಕ್ಕರೆ ಚೀಲವೊಂದು ನಿಂತಿತ್ತು. ಹಿಂದಿನ ವಾರದ ಮಳೆಗೆ ತೊಯ್ದು ಒಣಗಿ ಕಲ್ಲಾಗಿದ್ದ ಆ ಸಕ್ಕರೆಯನ್ನು ಆರಿಫ ದಿನಾ ಸುತ್ತಿಗೆಯಿಂದ ಒಡೆದು ತೆಗೆಯುತ್ತಿದ್ದ. ಈ ಮಾತನ್ನು ಅವನು ಪಂಡರಿಗೆ ಹೇಳಬಹುದಿತ್ತು. ಆದರೆ ಶೇವರ್ಸ್ ಯಾರು ಎಂದು ಕೇಳಿದವನಿಗೆ ಅವನು ಯಾಕೆ ಹೇಳಬೇಕು? ಪಂಡರಿ ಬಲತೋಳನ್ನು ಹಿಂದಕ್ಕೆ ಎಳೆದು, ಹಲ್ಲು ಕಚ್ಚಿ, ಇದ್ದ ಬಲವನ್ನೆಲ್ಲ ಹಾಕಿ ಗುದ್ದಿದ.

ಚೀಲ ಅಲ್ಲಾಡಲಿಲ್ಲ. ಪಂಡರಿ ಹೊಟ್ಟೆಯೊಳಗಿಂದ ಒಂದು ಸದ್ದು ಮಾಡಿ ಕೂತುಬಿಟ್ಟ.

ಮಾಸ್ತರರು ಕೈ ಹಿಡಿದು ನೋಡಿದರು. "ಹೆಬ್ಬೆರಳು ಮುಷ್ಟಿ ಒಳಗ ಇಡಬಾರದೋ ಪಂಡರಿ. ಇದು ಬಾಕ್ಸಿಂಗ್‌ನ ಮೊದಲನೇ ಪಾಠ."

"ಮೊದಲನೇ ಪಾಠ ಮೊದಲ ಹೇಳಬೇಕಲ್ರಿ ಮಾಸ್ತರ್ರೇ!"

ಹನ್ನೊಂದು ಗಂಟೆಗೆ ರೇಷನ್ ಅಂಗಡಿ ತೆರೆಯುವ ಹೊತ್ತಿಗೆ ಹೆಬ್ಬೆರಳು ಬಾತು ಉಳಿದ ಬೆರಳುಗಳ ಸಂಬಂಧವನ್ನೇ ಕಳೆದುಕೊಂಡಿತ್ತು. ಅಂಗಡಿಯ ಹೆಣ್ಣುಮಗಳು ಅದನ್ನು ನೋಡಿ ಕಣ್ಣರಳಿಸಿದಳು. "ಇದೇನ್ರಿ ಕಾಕಾ, ಬೆರಳೋ ಬದನಿಕಾಯೋ?"

ಪಂಡರಿ ಉಸಿರು ಬಿಗಿಹಿಡಿದು ಒತ್ತಿದ. ಮೊದಲು ಕೆಂಪು ದೀಪ ಬಂತು. ಆಮೇಲೆ ಪಂಡರಿಯ ಕಣ್ಣಲ್ಲಿ ನೀರು ಬಂತು. ಉಳಿದ ಒಂಬತ್ತನ್ನೂ ಇಟ್ಟು ನೋಡಿದ್ದಾಯಿತು. ಮಷೀನಿನ ಮಟ್ಟಿಗೆ ಅಲ್ಲಿ ಯಾರೂ ನಿಂತಿರಲಿಲ್ಲ.

"ಇಲ್ಲಿ ಆಗಂಗಿಲ್ಲ ಬಿಡ್ರಿ. ಹುಮನಾಬಾದಿನ ಕಚೇರ್ಯಾಗ ಕಣ್ಣು ನೋಡೋ ಮಷೀನ್ ಅದ. ಬೆರಳು ಸವದವರಿಗೆಲ್ಲ ಅಲ್ಲೇ ಕಳಸ್ತೀವಿ. ಐದರ ಒಳಗ ಮುಟ್ರಿ," ಎಂದಳು ಆಕೆ.

ಬೆರಳು ಹೋದರೇನು, ಎರಡು ಕಣ್ಣಿವೆಯಲ್ಲ ಎಂದು ಪಂಡರಿ ಸಮಾಧಾನ ಮಾಡಿಕೊಂಡ. ಬಸ್ ನಿಲ್ದಾಣಕ್ಕೆ ಬಂದರೆ, ಅಂಗಡಿಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಮಾಸ್ತರರೂ ಅಂಬರೀಷನೂ ಅವನಿಗಿಂತ ಮೊದಲೇ ಬಂದು ನಿಂತಿದ್ದರು. "ಕೈಗಿ ಪೆಟ್ಟಾದ ಮನಷ್ಯಾಗ ಒಬ್ಬನ್ನ ಹ್ಯಾಂಗ ಬಿಡೋದು? ನಾವೂ ಬರ್ತೀವಿ," ಎಂದರು ಮಾಸ್ತರರು. ಖರೆ ಸಂಗತಿಯೆಂದರೆ ವಾದ ಇನ್ನೂ ಮುಗಿದಿರಲಿಲ್ಲ, ಮತ್ತು ಮುಗಿಯದ ವಾದವನ್ನು ಮನೆಗೆ ಒಯ್ದರೆ ಮಾಸ್ತರರಿಗೆ ಊಟ ಸೇರುತ್ತಿರಲಿಲ್ಲ.

ಕೊನೆಯ ದಿನವಾದ್ದರಿಂದ ಬಂದ ಬಸ್ಸುಗಳೆಲ್ಲ ಕಿಕ್ಕಿರಿದು ಬಂದವು. ಮೂರು ಗಂಟೆಗೆ ಒಂದರಲ್ಲಿ ನಿಲ್ಲಲು ಜಾಗ ಸಿಕ್ಕಿತು. ಹೆದ್ದಾರಿ ಮುಟ್ಟುವ ಮೊದಲೇ ವಾದ ಹಿಂದಿನ ಸೀಟಿನವರೆಗೆ ಹಬ್ಬಿತು. ಟೈಸನ್ನನನ್ನಾಗಲಿ ಫೋರ್ಮನ್ನನನ್ನಾಗಲಿ ಕಾಣದವರೂ ಪಕ್ಷ ಹಿಡಿದರು. ಎಡಗಡೆಯವರು ಟೈಸನ್ ಎಂದರೆ ಬಲಗಡೆಯವರು ಫೋರ್ಮನ್ ಎಂದರು. ಈ ಗದ್ದಲದಲ್ಲಿ ಕೂಗಿ ಕೂಗಿ ಪಂಡರಿಯ ಗಂಟಲು ಕಟ್ಟಿತು.

"ಟೈಸನ್ ಹ್ಯಾಂಗ ಬರ್ತಿದ್ದ ಗೊತ್ತದೇನು? ಹಿಂಗ ಬಗ್ಗಿ, ಹಿಂಗ ಒಳಗ ನುಗ್ಗಿ..." ಎನ್ನುತ್ತ ಅಂಬರೀಷ ಮೊಳಕೈ ಎತ್ತಿಕೊಂಡು ಬಗ್ಗಿ ತೋರಿಸತೊಡಗಿದ. ಅಷ್ಟರಲ್ಲಿ ಬಸ್ಸು ರಸ್ತೆಯ ಉಬ್ಬು ಹಾರಿತು. ಮೊಳಕೈ ನೇರವಾಗಿ ಪಂಡರಿಯ ಬಲಗಣ್ಣಿಗೆ ಬಂದು ಕೂತಿತು.

"ಇದು ಟೈಸನ್ ಗುದ್ದಿನ ಕಾಲು ಭಾಗ," ಎಂದರು ಮಾಸ್ತರರು ತೃಪ್ತಿಯಿಂದ. "ಈಗರ ಫರಕ್ ಗೊತ್ತಾಯ್ತಿಲ್ಲ?"

"ಇದು ಮೊಳಕೈರೀ! ಫೌಲ್!" ಎಂದು ಪಂಡರಿ ಕಣ್ಣು ಮುಚ್ಚಿಕೊಂಡೇ ಕಿರುಚಿದ. ಕಂಡಕ್ಟರನೂ ಫೌಲ್ ಎಂದೇ ತೀರ್ಪು ಕೊಟ್ಟ. ಅದರಿಂದ ಕಣ್ಣಿಗೆ ಏನೂ ಉಪಯೋಗವಾಗಲಿಲ್ಲ.

ಮುಂದಿನ ಸೀಟಿನ ಅಜ್ಜಿಯೊಬ್ಬಳಿಗೆ ಕರುಳು ಚುರ್ ಎಂದಿತು. "ಬಾರೋ ಮಗಾ ಇಕಡಿ," ಎಂದು ಅವನನ್ನು ಎಳೆದುಕೊಂಡು, ಸೆರಗಿನ ಗಂಟಿನಿಂದ ತಲೆನೋವಿನ ಮುಲಾಮಿನ ಡಬ್ಬಿ ತೆಗೆದು, ಅವನು ಬೇಡ ಬೇಡವೆನ್ನುವುದರೊಳಗೆ ಬಾತ ಕಣ್ಣಿನ ಸುತ್ತ ಬಳಿದಳು. ಕಣ್ಣಿಗೆ ಬೆಂಕಿ ಬಿದ್ದಂತಾಯಿತು. ಪಂಡರಿ ಕೈಯಿಂದ ಒರೆಸಿಕೊಂಡ, ಆಮೇಲೆ ಅದೇ ಕೈಯಿಂದ ನೀರು ಸುರಿಯುತ್ತಿದ್ದ ಎಡಗಣ್ಣನ್ನೂ ಒರೆಸಿಕೊಂಡ. ಹುಮನಾಬಾದ್ ಬಂದಾಗ ಅವನನ್ನು ಅಂಬರೀಷ ಕೈಹಿಡಿದು ಇಳಿಸಬೇಕಾಯಿತು.

ಕಚೇರಿ ಮುಟ್ಟಿದಾಗ ನಾಲ್ಕೂವರೆ. ಗುಮಾಸ್ತೆ ಉಜ್ವಲಾ ಮೇಡಂ ಒಳ್ಳೆಯ ಹೆಣ್ಣುಮಗಳು. ಬೆಳಿಗ್ಗೆಯಿಂದ ನೂರಾರು ಕಣ್ಣು ನೋಡಿ ದಣಿದಿದ್ದರೂ ದನಿಯೇರಿಸಲಿಲ್ಲ.

"ಕಣ್ಣು ತೆರೀರಿ ಕಾಕಾ."

"ತೆರದೀನ್ರಿ ಮೇಡಂ."

"ಇದು ತೆರದದ್ದಾ?"

ಬಲಗಣ್ಣು ತೆರೆಯಲೊಲ್ಲದು, ಎಡಗಣ್ಣಿನ ನೀರು ನಿಲ್ಲಲೊಲ್ಲದು. ನಾಲ್ಕು ಸಲ ನೋಡಿದ ಮೇಲೆ ಮಷೀನು ಸೋತಿತು. ಉಜ್ವಲಾ ಮೇಡಂ ಕಾರ್ಡಿನ ಫೋಟೋ ನೋಡಿದಳು, ಎದುರಿನ ಮುಖ ನೋಡಿದಳು.

"ಫೋಟೋದಾಗ ಎರಡು ಕಣ್ಣವ, ಮಾರಿ ಮ್ಯಾಲ ಬಾವು ಇಲ್ಲ. ಹ್ಯಾಂಗ ನಂಬೋದ್ರಿ? ಇರ್ಲಿ, ಒಂದು ದಾರಿ ಅದ. ನಿಮ್ಮನ್ನ ಬಲ್ಲವರು ಇಬ್ಬರು, ಇಂವ ಪಂಡರಿನೇ ಅಂತ ಬರದು ಸಹಿ ಮಾಡಲಿ. ನಾ ತಗೋತೀನಿ."

ಪಂಡರಿಗೆ ಹೋದ ಜೀವ ಬಂದಂತಾಯಿತು. ಬಲ್ಲವರು ಇಬ್ಬರು ಪಕ್ಕದಲ್ಲೇ ನಿಂತಿದ್ದಾರಲ್ಲ!

ಮಾಸ್ತರರು ಕನ್ನಡಕ ಹಾಕಿಕೊಂಡು, ಪೆನ್ನು ತೆಗೆದು, ಕಾಗದದ ಮೇಲೆ ಇಟ್ಟು, ನಿಲ್ಲಿಸಿದರು. "ಸಹಿ ಮಾಡ್ತೀನಿ ಪಂಡರಿ. ಆದ್ರ ಒಂದು ಮಾತು. ಗಟ್ಟಿ ಗುದ್ದು ಟೈಸನ್‌ದು ಅಂತ ಇಲ್ಲೇ, ಇವರೆಲ್ಲರ ಎದುರಿಗಿ ಒಪ್ಕೋ. ಮುಂದ ಮಾತು ತಪ್ಪಬಾರದು."

"ತಪ್ಪಬಾರದು," ಎಂದ ಅಂಬರೀಷ.

"ಮಾಸ್ತರ್ರೇ, ಇದು ಅಕ್ಕಿ ಮಾತು ಅದರಿ. ಮನಿ ಮಾತು ಅದರಿ."

"ಅದಕ್ಕೇ ಹೇಳಾಕತ್ತೀನಿ, ಲಗೂನ ಒಪ್ಕೋ. ಐದು ಆಗ್ಲಿಕ್ಕ ಬಂತು."

ಪಂಡರಿಗೆ ನಿಜವಾಗಿಯೂ ಸಂಕಟವಾಯಿತು. ಕುರಿಗಳು ಹೊಲಕ್ಕೆ ನುಗ್ಗಿ ಬೈಗುಳ ತಿಂದಾಗಲೂ, ಷಡ್ಡಕನ ಜೊತೆ ಮಾತು ಮುರಿದಾಗಲೂ ಅವನು ಫೋರ್ಮನ್ನನನ್ನು ಬಿಟ್ಟುಕೊಟ್ಟಿರಲಿಲ್ಲ. ಆದರೆ ಭೀಮಬಾಯಿಗೆ ಏನು ಹೇಳುವುದು? ಬರುವ ತಿಂಗಳು ಅವಳು ತನ್ನ ಪಾಲಿನಲ್ಲೇ ಅರ್ಧ ಇವನ ತಟ್ಟೆಗೆ ಹಾಕುತ್ತಾಳೆ, ಹಾಕಿ ಒಂದು ಮಾತೂ ಆಡುವುದಿಲ್ಲ. ಅದನ್ನು ನೆನೆದು ಅವನು ತಲೆ ತಗ್ಗಿಸಿದ.

"ಟೈಸನ್‌ದು," ಎಂದ ಕಟ್ಟಿದ ಗಂಟಲಲ್ಲಿ.

ಮಾಸ್ತರರು ಸಹಿ ಹಾಕಿದರು. ಅಂಬರೀಷ ಅದರ ಕೆಳಗೆ ಹಾಕಿದ. ಉಜ್ವಲಾ ಮೇಡಂ ಗಡಿಯಾರ ನೋಡಿದಳು, ಐದಕ್ಕೆ ನಾಲ್ಕು ನಿಮಿಷ. "ಸಾಕ್ಷಿ ಇಬ್ಬರೂ ಕಲ್ಯಾಣದವರು. ನಿಮ್ಮೂರ ಅಂಗಡಿಯವರಿಗಿ ಒಂದು ಮಾತು ಕೇಳಿಬಿಡ್ತೀನಿ, ಮುಗೀತು," ಎಂದು ಫೋನು ಹಚ್ಚಿ ಸ್ಪೀಕರ್ ಹಾಕಿದಳು.

ಮಾರುತಿ ಸಿಕ್ಕ. ಬೆರಳಿನ ಕತೆ, ಕಣ್ಣಿನ ಕತೆ ಎಲ್ಲ ಕೇಳಿಸಿಕೊಂಡ.

"ಮಾರುತಿ, ನಾನಪಾ, ಪಂಡರಿ," ಎಂದ ಪಂಡರಿ ಆಸೆಯಿಂದ.

"ದನಿ ಬ್ಯಾರೆ ಅದಲ್ರಿ ಮೇಡಂ. ನಮ್ಮ ಪಂಡರಿ ದನಿ ಹೊಲದಾಚೆ ಕೇಳ್ತದ. ನಾಳೆ ಹೆಚ್ಚುಕಮ್ಮಿ ಆದ್ರ ನನ್ನ ಕುತ್ತಿಗಿಗಿ ಬರ್ತದ. ಒಂದು ಪ್ರಶ್ನಿ ಕೇಳ್ತೀನಿ, ಝಟ್ಟನೆ ಗೊತ್ತಾಗ್ತದ." ಆ ಕಡೆಯಿಂದ ಮಾರುತಿ ಗಂಟಲು ಸರಿಮಾಡಿಕೊಂಡ. "ಏ ಅಣ್ಣಾ, ಎಲ್ಲಾರಕಿಂತ ಗಟ್ಟಿ ಗುದ್ದು ಯಾರದು?"

ನಾಗನಾಥ ಮಾಸ್ತರರು ಕಾಗದವನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡು ಪೆನ್ನಿನ ತುದಿಯನ್ನು ತಮ್ಮ ಸಹಿಯ ಮೇಲೆ ಇಟ್ಟು ಕಾದರು.

ಪಂಡರಿ ಯೋಚಿಸಿದ. ಮಾರುತಿ ಇಪ್ಪತ್ತು ವರ್ಷದ ಸ್ನೇಹಿತ, ಏನೋ ಕಷ್ಟವಿದೆ ಎಂದು ಅವನೇ ತಿಳಿದುಕೊಳ್ಳುತ್ತಾನೆ. ಹೊಡೆದುಹಾಕಿದ ಸಹಿ ಮಾತ್ರ ಮತ್ತೆ ಹುಟ್ಟುವುದಿಲ್ಲ.

"ಟೈಸನ್‌ದು," ಎಂದ.

"ಮೇಡಂ, ಇಂವ ಪಂಡರಿ ಅಲ್ರಿ," ಎಂದ ಮಾರುತಿ ಖಡಾಖಂಡಿತವಾಗಿ. "ಪಂಡರಿಗಿ ಕಡದು ಹಾಕಿದ್ರೂ ಈ ಮಾತು ಆಡಂಗಿಲ್ಲ. ಯಾರೋ ಬ್ಯಾರೆಯವ ಕಾರ್ಡು ಹಿಡಕೊಂಡು ಬಂದಾನ. ಕಾರ್ಡು ಕಸಗೊಂಡು ಕಳಸ್ರಿ." ಫೋನು ಕಟ್ಟಾಯಿತು.

"ಫೋರ್ಮನ್! ಮಾರುತಿ, ಫೋರ್ಮನ್‌ದೋ ಮಾರಾಯಾ! ಫೋರ್ಮನ್!" ಎಂದು ಪಂಡರಿ ಕಟ್ಟಾದ ಫೋನಿನ ಮೇಲೆ ಬಗ್ಗಿ ಕೂಗಿದ. ಅವನ ಬೆನ್ನ ಹಿಂದೆ ಪೆನ್ನು ಪರಪರ ಎಂದು ಎರಡು ಸಲ ಸದ್ದು ಮಾಡಿತು. ಮಾಸ್ತರರು ತಮ್ಮ ಸಹಿ ಹೊಡೆದುಹಾಕಿ ಪೆನ್ನನ್ನು ಅಂಬರೀಷನಿಗೆ ಕೊಟ್ಟಿದ್ದರು.

ಐದು ಹೊಡೆಯಿತು. ಕಂಪ್ಯೂಟರಿನ ಆ ಪುಟ ತಾನಾಗಿಯೇ ಮುಚ್ಚಿಕೊಂಡಿತು. ಉಜ್ವಲಾ ಮೇಡಂ ಕಾರ್ಡನ್ನು ಮೇಜಿನ ಖಾನೆಯಲ್ಲಿಟ್ಟು ಕೀಲಿ ಹಾಕಿದಳು. ಆಮೇಲೆ ಸಿಟ್ಟಿಲ್ಲದೆ, ಮನೆಯವರನ್ನು ಕೇಳುವಷ್ಟೇ ಮೆತ್ತಗೆ ಕೇಳಿದಳು.

"ಈಗರ ಖರೆ ಹೇಳ್ರಿ ಕಾಕಾ, ನೀವು ಯಾರು?"