ಎದುರು ಮನೆಯ ಏಸಿಯವರಿಗೆ ದರ್ಜಿಯ ಬಿನ್ನಹ

ಎದುರು ಮನೆಯ ಗುತ್ತಿಗೆದಾರರ ಗೋಡೆಯಲ್ಲಿ, ನನ್ನ ಹೊಲಿಗೆ ಕೋಣೆಯ ಕಿಟಕಿಗೆ ನೇರವಾಗಿ, ಕಬ್ಬಿಣದ ಪೀಠದ ಮೇಲೆ ವಿರಾಜಮಾನರಾಗಿರುವ ಏಸಿಯವರ ಸನ್ನಿಧಾನಕ್ಕೆ ಮೂರನೇ ಮಹಡಿಯ ದರ್ಜಿಯ ಬೆವರು ತೊಟ್ಟಿಕ್ಕುವ ನಮಸ್ಕಾರಗಳು.

ಮಾನ್ಯರೇ, ಒಳಗೆ ಗುತ್ತಿಗೆದಾರರಿಗೆ ತಣ್ಣನೆಯ ಗಾಳಿಯನ್ನೂ ಹೊರಗೆ ನನಗೆ ಬಿಸಿಗಾಳಿಯನ್ನೂ ಹಂಚುತ್ತಾ ಯಾರನ್ನೂ ಬರಿಗೈಯಲ್ಲಿ ಕಳಿಸದ ತಮ್ಮ ಔದಾರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಇಸ್ತ್ರಿಪೆಟ್ಟಿಗೆ ಕಾಯಿಸುವ ಕೆಲಸವೂ ನನಗೀಗ ಅರ್ಧ ಕಡಿಮೆಯಾಗಿದೆ.

ತಾವು ತಾವಾಗಿಯೇ ಬಂದವರಲ್ಲ, ಬಲ್ಲೆ. ಹೋದ ವರ್ಷ ಕಟ್ಟಡದ ಇಪ್ಪತ್ತು ಮನೆಯವರೂ ಸೇರಿದ್ದ ಸಭೆಯಲ್ಲಿ, ಕೆಳಮನೆಯ ವಿಜ್ಞಾನದ ಟೀಚರಮ್ಮ, ತಾರಸಿಗೆ ಬಿಳಿ ಬಣ್ಣ ಬಳಿದು ಅಂಗಳದ ಮರಗಳನ್ನು ಉಳಿಸಿಕೊಳ್ಳೋಣ ಎಂದರು. "ಮುಂದೆ ಭೂಮಿ ಎಷ್ಟು ಬಿಸಿಯಾಗುತ್ತೆ ಅಂತ ಯಾರ ಹಣೇಲೂ ಬರೆದಿಲ್ಲ, ಇವತ್ತು ನಾವು ಯಾವುದಕ್ಕೆ ಕೈ ಎತ್ತುತ್ತೀವೋ ಅದರ ಮೇಲಿದೆ" ಎಂದೂ ಸೇರಿಸಿದರು. ಗುತ್ತಿಗೆದಾರರು, "ಭೂಮಿ ಆಮೇಲೆ ನೋಡೋಣ, ಮೊದಲು ಕಾರು ನಿಲ್ಲಿಸೋಕೆ ಜಾಗ ಬೇಕು" ಎಂದರು. ಟೀಚರಮ್ಮನ ಪರವಾಗಿ ಎದ್ದದ್ದು ಅವರದೇ ಒಂದು ಕೈ. ನನ್ನದೂ ಏಳಬೇಕಿತ್ತು, ಆದರೆ ಗುತ್ತಿಗೆದಾರರ ಮನೆಯ ಬಟ್ಟೆಯೆಲ್ಲ ನನ್ನ ಬಳಿಗೇ ಬರುವುದರಿಂದ ಅದು ಮಡಿಲಲ್ಲಿ ಸುಮ್ಮನೆ ಕುಳಿತಿತು. ಮರಗಳು ಹೋದವು, ಕಾರುಗಳು ಬಂದವು, ಸೆಕೆ ಬಂತು, ಅದರ ಬೆನ್ನಿಗೇ ತಮ್ಮ ಬಳಗದ ಹದಿನೆಂಟು ಮಂದಿ ಚಿತ್ತೈಸಿದಿರಿ.

ಮೊನ್ನೆ ಮಧ್ಯಾಹ್ನ ಗುಂಡಿ ಹೊಲಿಯುತ್ತಿದ್ದ ನನ್ನಮ್ಮ ಕಣ್ಣು ಕತ್ತಲೆ ಬಂದು ಕುಸಿದರು. ಅವರನ್ನು ಹೊರಗಿನ ಮೆಟ್ಟಿಲ ಬಳಿ ಮಲಗಿಸಿ, ನೀರು ಚಿಮುಕಿಸಿ, ಎದುರು ಬಾಗಿಲು ತಟ್ಟಿದರೆ, ಕಂಬಳಿ ಹೊದ್ದು ಬಂದ ಗುತ್ತಿಗೆದಾರರು "ಕಿಟಕಿ ಮುಚ್ಕೊಳ್ಳಮ್ಮ" ಎಂಬ ಅಮೂಲ್ಯ ಸಲಹೆ ದಯಪಾಲಿಸಿದರು. ಅಷ್ಟರಲ್ಲಿ ತಾವೆಲ್ಲ ಒಟ್ಟಿಗೆ ಓಡಿದ ಭಾರಕ್ಕೆ ಕರೆಂಟು ಹೋಯಿತು. ಇಡೀ ಕಟ್ಟಡವೇ ಮೆಟ್ಟಿಲಿಗೆ ಬಂತು. ಕಣ್ಣು ಬಿಟ್ಟ ಅಮ್ಮ, "ಇಷ್ಟು ಜನ ನನ್ನ ನೋಡೋಕೆ ಬಂದ್ರಾ?" ಎಂದು ಕೇಳಿದರು. ಟೀಚರಮ್ಮ ಹೋದ ವರ್ಷದ ಮಾತನ್ನೇ ಮತ್ತೆ ಎತ್ತಿ, ತಾರಸಿಗೆ ಬಿಳಿ ಬಣ್ಣ ಬಳಿದು ಅಂಗಳದಲ್ಲಿ ಮತ್ತೆ ಮರ ನೆಡಲು ಯಾರು ಯಾರು ಕೈ ಎತ್ತುತ್ತೀರಿ ಎಂದು ಕೇಳಿದರು. ಈ ಸಲ ಮೊದಲು ಎದ್ದದ್ದು ನನ್ನ ಕೈ. ಎಣಿಕೆ ಒಂಬತ್ತಕ್ಕೆ ಬಂದಿತ್ತು, ಇನ್ನೂ ಏಳುತ್ತಿದ್ದವು. ಅಷ್ಟರಲ್ಲಿ ಕರೆಂಟು ಬಂತು. ಕೈಗಳು ಇಳಿದವು, ಕಾಲುಗಳು ಮೇಲೇರಿದವು. ಮೆಟ್ಟಿಲಲ್ಲಿ ಉಳಿದವರು ನಾವು ಮೂವರೇ.

ಆದ್ದರಿಂದ ತಮ್ಮ ಬಿಸಿಯುಸಿರನ್ನು ತಾವೇ ನುಂಗಿಕೊಳ್ಳಬೇಕೆಂದೂ, ಅದಾಗದಿದ್ದರೆ ಮುಂದಿನ ಸಭೆಯ ದಿನ ಇಪ್ಪತ್ತರವರೆಗೆ ಎಣಿಸುವಷ್ಟು ಹೊತ್ತಾದರೂ ಬಳಗಸಮೇತ ಕೆಟ್ಟು ನಿಲ್ಲಬೇಕೆಂದೂ ಪ್ರಾರ್ಥಿಸುವ,

ತಮ್ಮ ವಿಶ್ವಾಸಿ,
ಕಿಟಕಿ ಮುಚ್ಚದ ದರ್ಜಿ

ಬರೆದು ಮುಗಿಸಿದ ಮೇಲೆ ನೆನಪಾದದ್ದು: ತಮ್ಮ ಯಜಮಾನರು ಒಳಗಿನ ಚಳಿ ತಾಳಲಾರದೆ ನಿನ್ನೆ ಉಣ್ಣೆ ಕೋಟಿಗೆ ಅಳತೆ ಕೊಟ್ಟು ಹೋದರು. ಹೊಲಿಗೆ ಮೈಗೆ ಒಗ್ಗಬೇಕಾದ್ದರಿಂದ, ತೆಗೆದುಕೊಳ್ಳಲು ಬಂದ ದಿನ ಅದನ್ನು ತೊಟ್ಟು, ಎಲ್ಲ ಗುಂಡಿ ಹಾಕಿಕೊಂಡು, ನನ್ನ ಕೋಣೆಯಲ್ಲಿ ಒಂದು ಗಂಟೆ ಕೂರಬೇಕೆಂದು ವಿನಯಪೂರ್ವಕ ತಿಳಿಸಿದ್ದೇನೆ.