ಉಡಿಯ ಖಣದ ಪೋಲಕ

ಆಗ ನನಗೆ ಎಪ್ಪತ್ತೊಂದು. ಅದಾಗಿ ಮೂರು ವರ್ಷವಾಯಿತು. ಮಗಳ ಬ್ಯಾಂಕಿನ ಕೆಲಸ ತಿರುವನಂತಪುರದಲ್ಲಿ, ಹಾಗಾಗಿ ನಾನೂ ಅಲ್ಲಿ. ಹೋಗುವಾಗ ಒಂದು ಟ್ರಂಕು ಕೈಮಗ್ಗದ ಖಣ ಒಯ್ದಿದ್ದೆ. ನಮ್ಮ ಕಡೆ ಮುತ್ತೈದೆಯ ಉಡಿ ತುಂಬುವಾಗ ತೆಂಗಿನಕಾಯಿಯ ಜೊತೆ ಕುಪ್ಪಸದ ಖಣ ಇಡುತ್ತಾರೆ. ಅದನ್ನು ಹೊಲಿಸುವವರು ಕಡಿಮೆ. ಮಡಿಕೆ ಬಿಚ್ಚದೆ ಮುಂದಿನವಳ ಉಡಿಗೆ ಸಾಗಿಸುತ್ತಾರೆ. ನಾನು ಕೊಟ್ಟ ಹಸಿರು ಖಣವೊಂದು ಊರೆಲ್ಲ ಸುತ್ತಿ ನನ್ನ ಉಡಿಗೇ ಬಂದು ಬಿದ್ದದ್ದುಂಟು. ಗಂಡ ಹೋದ ಮೇಲೆ ನನ್ನ ಉಡಿ ತುಂಬುವವರಿಲ್ಲ, ತುಂಬಲು ಕರೆಯುವವರೂ ಇಲ್ಲ. ಖಣಗಳು ನನ್ನಲ್ಲೇ ನಿಂತವು. ಅಳುವ ಮಾತೇನಲ್ಲ, ಬಟ್ಟೆ ಉಳಿಯಿತು.

ಆ ವರ್ಷ ಕೊಚ್ಚಿಯಲ್ಲಿ ಕನ್ನಡದವರೆಲ್ಲ ಸೇರುವವರಿದ್ದರು. ಮಕ್ಕಳು ತಮ್ಮ ಕಡೆಯ ಉಡುಪು ತೊಟ್ಟು ವೇದಿಕೆ ಹತ್ತಬೇಕು. ಐದು ವರ್ಷದ ಮೊಮ್ಮಗಳು ಚಿನ್ನುವಿಗೆ ಖಣ ಜೋಡಿಸಿ ಉದ್ದ ಲಂಗದಂಥ ಪರಕಾರ, ಮೇಲಕ್ಕೆ ಪೋಲಕ ಹೊಲಿದೆ. ಅಕ್ಕಪಕ್ಕದ ಮನೆಗೆಲ್ಲ ತೋರಿಸಿ ಬಡಾಯಿ ಹೊಡೆದೆ. ಬೆಳೆಯುವ ಕೂಸೆಂದು ಪೋಲಕದ ಎರಡೂ ಮಗ್ಗುಲಿಗೆ ಮೂರು ಮೂರು ಬೆರಳು ಬಟ್ಟೆ ಒಳಗೆ ಬಿಟ್ಟೆ. ಹಾಗೆ ಬಿಟ್ಟರೆ ಮದುವೆಯವರೆಗೂ ಬಿಚ್ಚುತ್ತ ಹೋಗಬಹುದು.

ತಿರುವನಂತಪುರದ ತಂಪಾನೂರು ನಿಲ್ದಾಣದಲ್ಲಿ ರೈಲು ಹತ್ತಿದ್ದೇ ತಡ, ಚಿನ್ನು ಮಗ್ಗುಲು ಕೆರೆಯತೊಡಗಿದಳು. "ಚೊರಿಯುನ್ನು, ಅಜ್ಜೀ!" ನಾವು ಕನ್ನಡದಲ್ಲಿ ಬೈದರೆ ಅವಳ ಉತ್ತರ ಮಲಯಾಳದಲ್ಲಿ.

"ತುರಸ್ಲಿ. ಹೊಸಾ ಅರಿವಿ ಹಂಗ ಇರ್ತದ. ಸುಮ್ಮ ಕೂಡು."

"ಅವ್ವಾ, ಒಳಗ ಅಷ್ಟ್ಯಾಕ ಬಿಟ್ಟೀ? ಕತ್ತರಿಸಿ ಒಗಿ," ಎಂದಳು ಮಗಳು.

"ಕತ್ತರಿಸಿ ಒಗ್ಯಾಕ ನಿಮ್ಮತ್ತಿ ನೇಯ್ದಾಳೇನು?"

ಆಲಪ್ಪುಳ ದಾಟುವಷ್ಟರಲ್ಲಿ ಕೂಸು ಪರಕಾರದ ಮೇಲೆ ಬರೀ ಶಮೀಜಿನಲ್ಲಿತ್ತು, ಪೋಲಕ ನನ್ನ ತೊಡೆಯ ಮೇಲೆ. ಕೊಚ್ಚಿಯ ಸಭೆಯಲ್ಲಿ ಅವಳ ಹೆಸರು ಕೂಗಿದರು. ರಮಿಸಿದೆ, ಹೆದರಿಸಿದೆ, ಚಾಕಲೇಟು ಎಂದೆ. ಊಹೂಂ. ಇಷ್ಟು ಬಡಾಯಿ ಹೊಡೆದು ಯಾವ ಮುಖ ಹೊತ್ತು ಮನೆಗೆ ಹೋಗಲಿ? ಎರಡನೆಯ ಸಲ ಕೂಗಿದಾಗ ಚಿನ್ನು ಪೋಲಕ ಕಸಿದುಕೊಂಡಳು, ಒಳಗಿನದನ್ನು ಹೊರಗೆ ಮಾಡಿ ತೊಟ್ಟಳು, ಓಡಿಯೇಬಿಟ್ಟಳು.

ವೇದಿಕೆಯ ಮೇಲೆ ನಾನು ಉಳಿಸಿದ ಬಟ್ಟೆಯೆಲ್ಲ ಎರಡು ಮಗ್ಗುಲಿಗೂ ಕೋಳಿಯ ರೆಕ್ಕೆಯಂತೆ ಪಟಪಟ ಬಡಿಯುತ್ತಿತ್ತು. ದಾರದ ತುದಿಗಳು ಜೋತಾಡುತ್ತಿದ್ದವು. ಸೆರಗು ಮುಖಕ್ಕೆ ಎಳೆದುಕೊಂಡೆ. ಜನ ಚಪ್ಪಾಳೆ ತಟ್ಟಿದರು. ಐಟಿ ಪಾರ್ಕಿನ ಬೆಂಗಳೂರು ಹುಡುಗಿಯೊಬ್ಬಳು ಎದ್ದು ಬಂದಳು: "ಆಂಟೀ, ಆ ಸೈಡ್ ಫ್ಲಾಪ್ಸ್ ಸಕತ್ತಾಗಿದೆ! ನಿಮ್ ಕಡೆ ಹೀಗೇನಾ ಹೊಲಿಯೋದು?"

"ಹೂಂ. ಹಿಂಗ," ಎಂದೆ.

ಚಿನ್ನು ಇಳಿದು ಬಂದು ನನ್ನ ತೊಡೆಯೇರಿದಳು. ಕೆರೆದುಕೊಳ್ಳುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ, ಬಾಗಿಲು ಹಾಕಿಕೊಂಡು, ಎಷ್ಟೋ ವರ್ಷದಿಂದ ಮಗ್ಗುಲು ಚುಚ್ಚುತ್ತಿದ್ದ ನನ್ನ ಕುಪ್ಪಸವನ್ನೂ ಒಳಗಿನದು ಹೊರಗೆ ಮಾಡಿ ತೊಟ್ಟು, ಮೇಲೆ ಸೆರಗು ಹೊದ್ದುಕೊಂಡೆ.