ಬರಿ ತಲೆಯ ಓಟ

ನಾನು ಓಡಿದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಒಂದೇ ಒಂದು ಸಲ ಮೊದಲು ಬರಬೇಕು ಅಂತ ಇಪ್ಪತ್ತು ವರ್ಷ ಓಡಿದೆ. ನನ್ನನ್ನು ಸುಸ್ತು ಮಾಡಿದ್ದು ಬೆಟ್ಟವಲ್ಲ, ಜನ. ನಮ್ಮ ನೀಲಗಿರಿಯ ಹಟ್ಟಿಗಳಲ್ಲಿ ಸುಮ್ಮಸುಮ್ಮನೆ ಯಾರೂ ಓಡುವುದಿಲ್ಲ. ಯಾರಾದರೂ ತೀರಿಕೊಂಡರೆ ಒಬ್ಬ ಮುಂಡಾಸು ತೆಗೆದು, ಬರಿ ತಲೆಯಲ್ಲಿ ಪಕ್ಕದ ಹಟ್ಟಿಗೆ ಸುದ್ದಿ ಒಯ್ಯುತ್ತಾನೆ. ಬರಿ ತಲೆಯವನೊಬ್ಬ ಓಡಿಬರುವುದು ಕಂಡರೆ ಸಾಕು, ಹೆಂಗಸರು ಅಳುವುದಕ್ಕೆ ಶುರು ಮಾಡುತ್ತಾರೆ.

ಯಾರಿಗಾಗಿ ಅಭ್ಯಾಸ?

ಊಟಿಯ ಶಾಲೆಗೆ ಸೇರಿದ ವರ್ಷ. ಡ್ರಿಲ್ ಮಾಸ್ತರು "ದಿನಾ ಬೆಳಿಗ್ಗೆ ಓಡು" ಅಂದರು. ಮುಂಡಾಸು ಮನೆಯಲ್ಲಿಟ್ಟು ಪಕ್ಕದ ಹಟ್ಟಿಯವರೆಗೆ ಓಡಿದೆ. ಸಗಣಿ ಬಾಚುತ್ತಿದ್ದ ಅಜ್ಜಿಯೊಬ್ಬಳು ಬುಟ್ಟಿ ಎಸೆದು ಎದೆ ಬಡಿದುಕೊಂಡಳು.

"ಅಯ್ಯಯ್ಯೋ! ಯಾರು ಹೋದದ್ದೋ?"

"ಯಾರೂ ಹೋಗಿಲ್ಲ ಅಜ್ಜಿ. ಅಭ್ಯಾಸ ಮಾಡ್ತಿದ್ದೀನಿ."

ಅಜ್ಜಿ ಕಣ್ಣೊರೆಸಿಕೊಂಡು ಹತ್ತಿರ ಬಂದಳು. "ಈಗಲೇ ಅಭ್ಯಾಸ ಮಾಡೋ ಅಷ್ಟು ಕೆಟ್ಟಿದೆಯಾ? ಯಾರಿಗೆ, ನಿನ್ನ ತಾತನಿಗಾ?"

ಸಂಜೆಯೊಳಗೆ ಹನ್ನೊಂದು ಜನ ತಾತನನ್ನು ಕೊನೆಯ ಸಲ ನೋಡಲು ಬಂದರು. ತಾತ ಆಗ ಸೌದೆ ಒಡೆಯುತ್ತಿದ್ದ. ಬಂದವರಿಗೆಲ್ಲ ಊಟ ಹಾಕಿ, ಆಮೇಲೆ ಅದೇ ಸೌದೆ ಹಿಡಿದು ನನ್ನನ್ನು ಓಡಿಸಿದ. ಅವತ್ತಿನಷ್ಟು ಜೋರಾಗಿ ನಾನು ಯಾವ ಪಂದ್ಯದಲ್ಲೂ ಓಡಿಲ್ಲ.

ಮುಂಡಾಸು

ಅಪ್ಪನದು ಒಂದೇ ಮಾತು: "ಓಡು, ಬೇಡ ಅನ್ನಲ್ಲ. ತಲೆಯ ಮೇಲೆ ಮುಂಡಾಸು ಇರಲಿ."

ಶಾಲೆಯ ಪಂದ್ಯದಲ್ಲಿ ಕೊನೆಯ ಸುತ್ತಿನವರೆಗೂ ನಾನೇ ಮುಂದೆ. ಅಷ್ಟರಲ್ಲಿ ಮುಂಡಾಸು ಸಡಿಲವಾಗಿ ಹಿಂದೆ ಹಾರತೊಡಗಿತು. ನಿಂತೆ, ಸುತ್ತಿಕೊಂಡೆ, ಮತ್ತೆ ಓಡಿದೆ. ಎರಡನೆಯ ಸ್ಥಾನ.

ಮಾಸ್ತರು ಹಲ್ಲು ಕಡಿದರು. "ಲೋ, ನಿನಗೆ ಕಪ್ ಮುಖ್ಯವೋ ಮುಂಡಾಸು ಮುಖ್ಯವೋ?"

"ಅಪ್ಪ ಮುಖ್ಯ ಸಾರ್. ಅಲ್ಲೇ ನಿಂತಿದ್ದಾರೆ."

ಏರು ಎಲ್ಲಿ?

ಮದರಾಸಿನ ಕಾಲೇಜಿನಲ್ಲಿ ಮುಂಡಾಸಿನ ಕಾಟವಿರಲಿಲ್ಲ. ಬಿಸಿಲಿನ ಕಾಟವಿತ್ತು. ಆದರೂ ಉಸಿರು ಉಳಿಸಿಕೊಂಡೇ ಓಡಿದೆ. ನಮ್ಮ ಕಡೆ ಯಾವ ದಾರಿ ಹಿಡಿದರೂ ಕೊನೆಗೊಂದು ಏರು ಇದ್ದೇ ಇರುತ್ತದೆ, ಅಲ್ಲಿ ಎಲ್ಲರನ್ನೂ ಹಿಂದೆ ಹಾಕೋಣ ಅಂತ ಲೆಕ್ಕ. ಕಾದೆ, ಕಾದೆ. ಪಂದ್ಯವೇ ಮುಗಿಯಿತು. ಮತ್ತೆ ಎರಡನೆಯವನು.

"ಇಷ್ಟು ಉಸಿರು ಉಳಿಸಿಕೊಂಡು ಏನಯ್ಯಾ ಮಾಡ್ತೀಯ?" ಅಂತ ಕ್ಯಾಪ್ಟನ್ ಕೇಳಿದ.

ಊರಿಗೆ ಕಾಗದ ಬರೆಯುವಾಗ ಎಲ್ಲವನ್ನೂ ನಿಟ್ಟುಸಿರು ಬಿಟ್ಟು ಖರ್ಚು ಮಾಡಿದೆ.

ಮೊದಲನೆಯವನು

ಆಮೇಲೆ ಟೀ ಎಸ್ಟೇಟಿನಲ್ಲಿ ಗುಮಾಸ್ತನಾದೆ. ಮೂವತ್ತು ದಾಟಿತ್ತು, ಮಂಡಿ ನೋಯುತ್ತಿತ್ತು. ಆ ವರ್ಷ ಎಸ್ಟೇಟಿನ ದೊರೆ ಒಂದು ಬೆಳ್ಳಿಯ ಕಪ್ ಇಟ್ಟು ಪಂದ್ಯ ಕಟ್ಟಿದರು: ಪೇಟೆಯಿಂದ ಹೊರಟು ನಮ್ಮ ಹಟ್ಟಿಯ ಕೆಳಗಿನ ಬಯಲಿನವರೆಗೆ. ಇದೇ ಕೊನೆ ಅಂತ ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಹಟ್ಟಿಯವರು ಅಪ್ಪನನ್ನು 'ಎರಡನೆಯವನ ಅಪ್ಪ' ಅಂತಲೇ ಕರೆಯುತ್ತಿದ್ದರು. ಪಂದ್ಯದ ದಿನ ಬೆಳಿಗ್ಗೆ ಅವನೇ ನನ್ನ ಮುಂಡಾಸು ಬಿಚ್ಚಿದ. "ಇವತ್ತೊಂದು ದಿನ ಬರಿ ತಲೆಯಲ್ಲಿ ಓಡು ಮಗ. ಎಲ್ಲರಿಗೂ ಹೇಳಿಟ್ಟಿದ್ದೀನಿ."

ಎಲ್ಲರಿಗೂ ಹೇಳಿದ್ದ, ನನ್ನ ಸೋದರಮಾವನೊಬ್ಬನನ್ನು ಬಿಟ್ಟು. ಮಾವ ದಾರಿಯ ಪಕ್ಕ ಆಲೂಗಡ್ಡೆ ಅಗೆಯುತ್ತಿದ್ದ. ತನ್ನಕ್ಕನಿಗೆ, ಅಂದರೆ ನನ್ನ ಅವ್ವೆಗೆ, ಎರಡು ದಿನದಿಂದ ಕೆಮ್ಮು ಅಂತ ಮಾತ್ರ ಅವನಿಗೆ ಗೊತ್ತಿತ್ತು. ಬರಿ ತಲೆಯ ನಾನು ಮನೆ ಕಡೆ ಓಡುವುದನ್ನು ಕಂಡ. ನೂರು ಮಾರು ಹಿಂದೆ ಇನ್ನೂ ಇಪ್ಪತ್ತು ಬರಿ ತಲೆ!

"ಅಕ್ಕನಿಗೆ ಏನಾಯ್ತೋ?"

ನನಗೆ ಉಸಿರಿಲ್ಲ. ಏನೂ ಇಲ್ಲ ಅಂತ ಕೈ ಮೇಲೆತ್ತಿ ಆಡಿಸಿದೆ. ಮೇಲೆ ಹೋದಳು ಅಂತ ಮಾವ ತಿಳಿದ.

"ಅಯ್ಯೋ ನನ್ನಕ್ಕಾ!" ಗುದ್ದಲಿ ಒಂದು ಕಡೆ, ಮುಂಡಾಸು ಒಂದು ಕಡೆ. ಐವತ್ತು ದಾಟಿದ ಮನುಷ್ಯ ನನ್ನನ್ನು ಹಿಂದೆ ಹಾಕಿ ಏರು ಹತ್ತಿದ. ನಾನು ಇಡೀ ಜನ್ಮ ಕಾದಿದ್ದ ಏರು ಅದು. ಬಯಲಲ್ಲಿ ನೆರೆದ ಜನರನ್ನು ಕಂಡು ಅವನಿಗೆ ಇನ್ನೂ ಖಾತ್ರಿಯಾಯಿತು. ಅಳುತ್ತಲೇ ಟೇಪು ಹರಿದುಕೊಂಡು ನುಗ್ಗಿದ. ಎದುರಿಗೇ ಅವ್ವೆ ಹುರಿಗಡಲೆ ತಿನ್ನುತ್ತಾ ನಿಂತಿದ್ದಳು.

ಮಾವ ಅವಳನ್ನು ತಬ್ಬಿ ಅತ್ತ. ಆಮೇಲೆ ರೇಗಿದ: "ಬದುಕಿದ್ದೀಯಲ್ಲಾ! ಮೊದಲೇ ಹೇಳೋದಲ್ವಾ?"

ಟೇಪು ಯಾರ ಎದೆಗೆ ತಾಗಿತೋ ಅವನೇ ಮೊದಲು ಅಂದರು ದೊರೆ. ಬೆಳ್ಳಿಯ ಕಪ್ ಮಾವನಿಗೆ ಹೋಯಿತು. ನಾನು ತಕರಾರು ತೆಗೆಯಲು ಹೋದೆ. ಅವ್ವೆ ತಡೆದಳು. "ಸುಮ್ಮನಿರೋ. ನನ್ನ ತಮ್ಮ ನನಗೋಸ್ಕರ ಹೇಗೆ ಓಡಿಬಂದ, ನೋಡಿದೆಯಾ? ಇಪ್ಪತ್ತು ವರ್ಷ ಓಡಿದೆಯಲ್ಲ, ನೀನು ಯಾರಿಗೋಸ್ಕರ ಓಡಿದ್ದು?"

ಅಪ್ಪ ಮುಂಡಾಸನ್ನು ನನ್ನ ತಲೆಗೆ ತಾನೇ ಸುತ್ತಿದ. "ಸಾಕು ಮಗ," ಅಂದ, "ಇನ್ನು ನಡಿ."

ಅದು ಪಂದ್ಯವಾಗಿತ್ತು ಅಂತ ಮಾವನಿಗೆ ಇವತ್ತಿಗೂ ಯಾರೂ ಹೇಳಿಲ್ಲ. ಆ ಕಪ್‌ನಲ್ಲಿ ಮಜ್ಜಿಗೆ ಕುಡಿಯುತ್ತಾ ಬಂದವರಿಗೆಲ್ಲ ಹೇಳುತ್ತಾನೆ: "ದೊರೆ ತುಂಬಾ ಒಳ್ಳೆಯವರು. ನಮ್ಮಕ್ಕ ಸಾಯಲಿಲ್ಲ ಅಂತ ಕೊಟ್ಟದ್ದು."